ಒಲೆ ಸುತ್ತ ಓಡಿದ ಫಿಲೋನ್

ನನ್ನ ಹಳೇ ಡೈರಿಯಲ್ಲೇ ಇದೆ ನೋಡು ಪುಟ್ಟಿ: ೧೯೭೧, ಜುಲೈ ಒಂಬತ್ತು, ಶುಕ್ರವಾರ. ಈ ಕತೆ ಕೇಳಿ, ಆಗಿನ್ನೂ ಚಿಕ್ಕವಳಾಗಿದ್ದ ನಿಮ್ಮಮ್ಮ ಮಲಗೋದು ಬಿಟ್ಟು ಹಾಸಿಗೆ ಸುತ್ತ ಓಡಿದಳು ಅಂತ. ನೀನು ಮಲಗಿಕೊಂಡೇ ಕೇಳು.

ಬಹಳ ಬಹಳ ಹಿಂದೆ, ಸಮುದ್ರದಾಚೆ ಗ್ರೀಸ್ ದೇಶದಲ್ಲಿ ಮೆಲಿತ್ತ ಅಂತ ಒಬ್ಬಳಿದ್ದಳಂತೆ. ಗಂಡ ಫಿಲೋನ್ ಮಡಕೆ ಮಾಡೋನು. ಎರಡು ಹೆಣ್ಣಾದ ಮೇಲೆ ಮೂರನೆಯದೂ ಹೆಣ್ಣೇ ಹುಟ್ಟಿತಂತೆ. ಹೆಣ್ಣು ಹುಟ್ಟಿದರೆ ಅಲ್ಲಿ ಬಾಗಿಲಿಗೆ ಉಣ್ಣೆ ಕಟ್ಟೋರು. ಇವನು ಕಟ್ಟಲೇ ಇಲ್ಲ, ಮೂರು ಹೆಣ್ಣು ಸಾಕೋಕೆ ನನ್ನ ಕೈಲಾಗಲ್ಲ ಅಂದನಂತೆ. ಅಲ್ಲಿನ ಪದ್ಧತಿ ಹೇಗಂದ್ರೆ, ಮಗು ಹುಟ್ಟಿದ ಐದನೇ ದಿನ ಅಪ್ಪ ಮಗುವನ್ನ ಎತ್ತಿಕೊಂಡು ಮನೆ ನಡುವಿನ ಒಲೆ ಸುತ್ತ ಮೂರು ಸುತ್ತು ಓಡಬೇಕು. ಓಡಿದರೆ ಮಗು ಆ ಮನೆಯದು, ಇಲ್ಲದಿದ್ದರೆ ಮಡಕೆಯಲ್ಲಿಟ್ಟು ಊರಾಚೆ ಬಿಟ್ಟು ಬರೋದು.

ಐದನೇ ದಿನ ಫಿಲೋನ್ ಬೆಳಿಗ್ಗೆಯೇ ಹಿತ್ತಿಲಲ್ಲಿ ಮಡಕೆ ಸುಡೋ ಆವಿಗೆಗೆ ಹಸಿ ಮಡಕೆ ಜೋಡಿಸಿ ಬೆಂಕಿ ಹಾಕಿ, ಆಮೇಲೆ ಒಂದು ದೊಡ್ಡ ಗಡಿಗೆ ತಂದು ಹೊಸ್ತಿಲಲ್ಲಿಟ್ಟನಂತೆ. ಮೆಲಿತ್ತ ಅದನ್ನ ನೋಡಿದಳು. ಮಗುವನ್ನ ಎತ್ತಿಕೊಂಡವಳೇ ಒಲೆ ಸುತ್ತ ಓಟ, ಕೊಡೇ ಇಲ್ಲಿ ಅಂತ ಅವನು ಹಿಂದೆ. ಆಮೇಲೆ ಅವಳು ತಟ್ಟನೆ ತಿರುಗಿ ಮಗುವನ್ನ ಅವನ ಕೈಗೇ ಹಾಕಿ ಬೆನ್ನಿಗೊಂದು ನೂಕು ಕೊಟ್ಟಳಂತೆ, ಅವನು ನಿಲ್ಲೋಕಾಗದೆ ಒಂದು ಸುತ್ತು ಹೋಗೇಬಿಟ್ಟ.

ಮೂಲೆಯಲ್ಲಿ ನೂಲ್ತಿದ್ದ ಅವನ ತಾಯಿ, ಒಂದಾಯ್ತು ಅಂದಳಂತೆ.

ಇದು ಲೆಕ್ಕಕ್ಕಿಲ್ಲಮ್ಮ, ನಾನು ಮನಸಾರೆ ಓಡಿದ್ದಲ್ಲ ಅಂದ.

ಒಲೆಗೆ ನಿನ್ನ ಮನಸ್ಸು ಎಲ್ಲಿ ಕಾಣುತ್ತಪ್ಪ, ಕಾಲು ಕಾಣುತ್ತೆ ಅಂದಳು ಮುದುಕಿ.

ಅಷ್ಟರಲ್ಲಿ ದೊಡ್ಡ ಹುಡುಗಿಯರಿಬ್ಬರೂ ಇದೇನೋ ಹೊಸ ಆಟ ಅಂದುಕೊಂಡು, ಅಪ್ಪನ ಬಟ್ಟೆ ಜಗ್ಗಿ ದರದರ ಇನ್ನೊಂದು ಸುತ್ತು ಎಳಕೊಂಡು ಹೋದರಂತೆ. ಎರಡಾಯ್ತು.

ಆಗ ಪಕ್ಕದ ಮನೆಯವನು ಗೋಡೆ ಮೇಲಿಂದ, ಲೋ ಫಿಲೋನ್, ಆವಿಗೆ ಬೆಂಕಿ ಮಿತಿಮೀರಿದೆ, ಬಂದು ತಗ್ಗಿಸದಿದ್ದರೆ ಎಲ್ಲಾ ಹೋಯ್ತು ಅಂತ ಕೂಗಿದನಂತೆ. ಫಿಲೋನ್ ಮಗುವನ್ನ ಕೆಳಗಿಡೋಕೆ ಬಗ್ಗಿದ. ಇನ್ನು ನೂಕೋಕೆ ಮೆಲಿತ್ತಳ ಕೈಯಲ್ಲಿ ಬಲ ಇರಲಿಲ್ಲ. ಅವನ ತೋಳಿನ ಒಣಮಣ್ಣು ಮೂಗಿಗೆ ಹೋಗಿ, ಮಗು ಸೀನಿತಂತೆ.

ಏನೇ, ಕುಂಬಾರನ ಮಗಳಾಗಿ ಮಣ್ಣಿಗೆ ಸೀನ್ತೀಯಾ ಅಂತ ಬೈದನಂತೆ ಫಿಲೋನ್. ಬೈದವನು ಹಾಗೇ ನಿಂತ. ಆಮೇಲೆ ಮಗುವನ್ನ ಎದೆಗೊತ್ತಿಕೊಂಡು, ಯಾರೂ ನೂಕದೆ, ಯಾರೂ ಎಳೆಯದೆ, ಗಾಳಿಯ ಹಾಗೆ ಮೂರನೇ ಸುತ್ತು ಓಡಿದನಂತೆ. ಮುದುಕಿ ಲೆಕ್ಕ ಹೇಳೋದು ಮರೆತು ಚಪ್ಪಾಳೆ ತಟ್ಟಿದಳಂತೆ.

ಸಂಜೆ ಬಾಗಿಲಿಗೆ ಉಣ್ಣೆ ಬಂತು, ಮಗುವಿಗೆ ಹೆಸರು ಬಂತು, ಎಲ್ಲರೂ ಸುಖವಾಗಿದ್ದರಂತೆ. ಕತೆ ಇಷ್ಟೇ, ಕಣ್ಣು ಮುಚ್ಚು. ಖರ್ಚಾದದ್ದು ಒಂದು ಆವಿಗೆ ತುಂಬ ಮಡಕೆ. ಎಲ್ಲಾ ಸೊಟ್ಟಗಾಗಿ ಒಂದಕ್ಕೊಂದು ಅಂಟಿಹೋಗಿದ್ದವು. ಮಾರೋಕೆ ಮಡಕೆ ಇಲ್ಲದೆ ಆ ಚಳಿಗಾಲವೆಲ್ಲ ಮನೆಯಲ್ಲಿ ಎಣ್ಣೆ ಇರಲಿಲ್ಲ, ಬರೀ ಗಂಜಿ.