ಗಂಜಿ ಬೆಂದ ಗಂಟೆ

"ಅಯ್ಯನವರೇ, ಸುವಾರ್ತೆ ಸಾರುವುದು ಮೊದಲೋ, ಹಸಿದವರಿಗೆ ಉಣಿಸುವುದು ಮೊದಲೋ?" ಎಂದು ಶಿಷ್ಯ ಕೇಳಿದ. ಮರುದಿನ ಅವನು ದೂರದ ಊರೊಂದಕ್ಕೆ ಉಪದೇಶಿಯಾಗಿ ಹೊರಡುವವನಿದ್ದ. "ಉಣಿಸಿ ಸಾರಿದರೆ ಆಸೆ ತೋರಿಸಿ ಕರೆದಂತೆ. ಉಣಿಸದೆ ಸಾರಿದರೆ ಬರೀ ಬಾಯಿಮಾತು. ನನಗೆ ದಾರಿ ಕಾಣುತ್ತಿಲ್ಲ."

ಗುರುಗಳು ಹೇಳತೊಡಗಿದರು.

ಹೊಳೆಯ ದಂಡೆಯ ಊರಲ್ಲಿ ಒಬ್ಬ ಉಪದೇಶಿ ಇದ್ದ. ನಿನ್ನ ಹಾಗೆಯೇ ಮಾತುಗಾರ. ದಿಬ್ಬದ ಮೇಲೆ ಅವನ ಸಭೆ, ಊರಿನ ಕ್ರೈಸ್ತರ ಪ್ರಾರ್ಥನಾಮಂದಿರ. ಸಭೆಯ ನಲವತ್ತು ಮನೆಯವರು ತಾವು ಉಣ್ಣುವ ಕಂಚಿನ ಗಂಗಾಳಗಳನ್ನೇ ಕೊಟ್ಟು ಅಲ್ಲಿಗೊಂದು ಗಂಟೆ ಎರಕ ಹೊಯ್ಯಿಸಿದ್ದರು. ಹನ್ನೊಂದು ವರ್ಷ ಅವನು ಅದನ್ನು ಬಾರಿಸಿ ಊರನ್ನು ಕರೆದ. ಹೊಸಬರು ಒಬ್ಬರೂ ಬರಲಿಲ್ಲ. ಆ ಸದ್ದಿಗೆ ತನ್ನ ಎಮ್ಮೆ ಬೆದರಿ ಹಾಲು ಬಿಡುವುದಿಲ್ಲವೆಂದು ಒಬ್ಬ ಮುದುಕಿ ಗಂಟೆಗೂ ಅವನಿಗೂ ಸೇರಿಸಿ ಶಾಪ ಹಾಕುತ್ತಿದ್ದಳು.

ಒಂದು ವರ್ಷ ಹೊಳೆ ಊರೊಳಗೆ ಬಂತು. ಮನೆಗಳು ಬಿದ್ದವು, ಪಾತ್ರೆಪಡಗ ತೇಲಿಹೋದವು. ಊರಿಗೆ ಊರೇ ದಿಬ್ಬ ಹತ್ತಿತು. ಸಭೆಯಲ್ಲಿ ಎರಡು ಚೀಲ ಜೋಳದ ನುಚ್ಚು ಇತ್ತು. ಅಷ್ಟು ಜನಕ್ಕೆ ಬೇಯಿಸುವ ಪಾತ್ರೆ ಇರಲಿಲ್ಲ. ಉಪದೇಶಿ ಗಂಟೆಯನ್ನು ಇಳಿಸಿ, ಅದರ ನಾಲಿಗೆ ಬಿಚ್ಚಿ, ಬಾಯಿ ಮೇಲೆ ಮಾಡಿ ಮೂರು ಕಲ್ಲಿನ ಮೇಲೆ ಕೂರಿಸಿದ.

ಸಭೆಯ ಹಿರಿಯನೊಬ್ಬ ಅವನ ಕೈ ಹಿಡಿದ. "ಬೆಂಕಿ ಹತ್ತಿದರ ಇದರ ದನಿ ಹೋಗತೈತಿ. ಆಮ್ಯಾಲೆ ಜನರನ್ನ ಹೆಂಗ ಕರೀತೀರಿ?"

"ಜನ ಇಲ್ಲೇ ಬಂದಾರಲ್ಲರಿ," ಎಂದು ಉಪದೇಶಿ ಒಲೆ ಹಚ್ಚಿದ.

ಹನ್ನೊಂದು ವರ್ಷ ಬಿಡದೆ ಮಾತಾಡಿದವನು ಆ ಮೂರು ದಿನ 'ಇನ್ನಷ್ಟು ಹಾಕಲೇ' ಎಂಬುದನ್ನು ಬಿಟ್ಟು ಬೇರೇನೂ ಆಡಲಿಲ್ಲ. ಎಲ್ಲರೂ ಉಂಡರು. ಮುದುಕಿ ಮಾತ್ರ ದೂರ ಕುಳಿತಳು. ತಾನು ಶಪಿಸಿದ ಗಂಟೆಯ ಅನ್ನ ಹೇಗೆ ಉಣ್ಣುವುದು? ಮೂರನೆಯ ದಿನ ಅವಳಿಗೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದುಕೊಂಡು ಬಂದು ಕೈಯೊಡ್ಡಿದಳು. ಗಂಜಿ ಮುಗಿದಿತ್ತು. ಉಪದೇಶಿ ಸೌಟಿನಿಂದ ತಳ ಕೆರೆದ.

ನಾಲಿಗೆಯಿಲ್ಲದ ಗಂಟೆ ದನಿ ಕೊಟ್ಟಿತು. ಮೊದಲಿನ ದನಿಯಲ್ಲ, ತಗ್ಗಿದ, ಒಡೆದ ದನಿ. ನೆಲದೊಳಗಿಂದ ಬಂದಂತಿತ್ತು. ಉಣ್ಣುತ್ತಿದ್ದವರ ಕೈ ಹಾಗೆಯೇ ನಿಂತವು.

ಮುದುಕಿ ಎರಡು ತುತ್ತು ಉಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಇದು ಯಾರನ್ನ ಕರೀತೈತಿ?"

ಆಗ ಅವನು ಬಾಯಿ ಮುಚ್ಚಿಕೊಂಡಿದ್ದರೆ ಅವಳನ್ನು ಮತ್ತೆ ಉಪವಾಸ ಕೆಡವಿದಂತಾಗುತ್ತಿತ್ತು. ಅವನು ಸೌಟು ಕೆಳಗಿಟ್ಟು ಅವಳೆದುರು ಕುಳಿತ.

"ನಿನ್ನನ್ನ, ಆಯಿ. ಮದಲಿಂದಲೂ ನಿನ್ನನ್ನ. ಕರೆಯಾವನ ಹೆಸರು ಯೇಸು."

ಅವನು ಹೇಳುತ್ತ ಹೋದ. ದಿಬ್ಬದ ಮೇಲೆ ಒಬ್ಬರೂ ಅಲುಗಾಡಲಿಲ್ಲ. ನೀರು ಇಳಿದ ಮೇಲೆ ಗಂಟೆಯನ್ನು ಮತ್ತೆ ಕಟ್ಟಿದರು. ಮಸಿ ಹೋಗಲಿಲ್ಲ, ದನಿ ಸರಿಹೋಗಲಿಲ್ಲ. ಆ ಒಡೆದ ದನಿ ಕೇಳಿದರೆ ಊರು ಕೆಲಸ ಬಿಟ್ಟು ನಿಲ್ಲುತ್ತಿತ್ತು.

ಗುರುಗಳು ಕಥೆ ಮುಗಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಕೊನೆಗೆ ಅದು ಗಂಟೆಯೋ, ಗಂಜಿಯ ಪಾತ್ರೆಯೋ?"

"ಉಣಿಸಿದ್ದೂ ಕರೆದದ್ದೂ ಒಂದೇ ಬಾಯಿ, ಮಗನೇ."