ಕೆಂಚವ್ವನ ಕಡವು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡಿರದ ಕಾಲದಲ್ಲಿ, ದೊಡ್ಡ ಹೊಳೆ ದಂಡೇಲಿ ಅಂಬಿಗರ ತಿಪ್ಪಣ್ಣ ಅಂತ ಇದ್ದನಂತೆ. ಹರಿಗೋಲು ಹಾಕಿ ಜನಾನ ಆಚೆ ದಡಕ್ಕೆ ದಾಟಿಸೋನು. ಒಂದಿನ ಜಾರಿ ಬಿದ್ದು ಕಾಲು ಮುರ್ಕೊಂಡ. ಮೂರು ಜನ ಮಕ್ಕಳನ್ನ ಕರೆದು, ಇನ್ಮೇಲೆ ಹುಟ್ಟು ಹಾಕೋರು ಯಾರ್ರಪ್ಪಾ ಅಂತ ಕೇಳಿದನಂತೆ.

ದೊಡ್ಡವನು ಮಲ್ಲಪ್ಪ ಬೊಗಸೇಲಿ ಹೊಳೆನೀರು ಹಿಡಿದು, ಪ್ರಾಣ ಹೋದ್ರೂ ಹುಟ್ಟು ಬಿಡಲ್ಲ ಅಂತ ಆಣೆ ಮಾಡಿದನಂತೆ. ನಡುವಿನವನು ಯಂಕೋಬ, ಹೊತ್ತು ಮೂಡಿದಾಗಿಂದ ಮುಳುಗೋ ತನಕ ನನ್ನ ಜವಾಬ್ದಾರಿ, ಆಮೇಲೆ ಕೇಳಬೇಡಿ ಅಂದನಂತೆ. ಕಿರಿಯವಳು ಕೆಂಚವ್ವ, ನಂಗೇನು ಗೊತ್ತಪ್ಪಾ, ಹೊಳೆ ದಿನಾ ಒಂದೇ ಥರ ಇರುತ್ತಾ, ಬೆಳಿಗ್ಗೆ ಎದ್ದು ಹೋಗಿ ನೋಡ್ತೀನಿ ಅಂದಳಂತೆ. ಹೆಣ್ಣುಮಗಳು ಅಂತ ಅಪ್ಪ ನಕ್ಕುಬಿಟ್ಟ.

ಆಮೇಲೆ ಏನಾಯ್ತು, ಐದನೇ ದಿನ ಹೊಳೆ ಕೆಂಪಗೆ ಉಕ್ಕಿ ಬಂತು. ಮಲ್ಲಪ್ಪ ಹೊಟ್ಟೆನೋವು ಅಂತ ಕಂಬಳಿ ಹೊದ್ದು ಮಲಗೇ ಬಿಟ್ಟನಂತೆ. ಯಂಕೋಬ ಹುಟ್ಟು ಹಿಡಿದ. ಪಾಪ, ಒಂದಿನಾನೂ ತಪ್ಪಿಸಲಿಲ್ಲ. ಆಮೇಲೊಂದು ಸಂಜೆ ಅವನು ಹರಿಗೋಲು ಕಟ್ಟೋ ಹೊತ್ತಿಗೆ ಸಣ್ಣಮ್ಮ ಅನ್ನೋ ಬಸುರಿಗೆ ನೋವು ಬಂದು, ಅತ್ತೆ ಕೈ ಹಿಡ್ಕೊಂಡು ಓಡಿ ಬಂದಳಂತೆ. ಸೂಲಗಿತ್ತಿ ಇರೋದು ಆಚೆ ದಡದಲ್ಲಿ. ಹೊತ್ತು ಮುಳುಗಿತಲ್ಲಮ್ಮಾ, ಬೆಳಿಗ್ಗೆ ಬನ್ನಿ ಅಂದುಬಿಟ್ಟ ಯಂಕೋಬ.

ಕೆಟ್ಟೋನಾ ಅವನು, ಅಜ್ಜೀ?

ಕೆಟ್ಟೋನಲ್ಲ ಕಂದಾ. ಹೇಳಿದಷ್ಟು ಮಾಡಿದ. ನೋವು ಹೊತ್ತು ನೋಡ್ಕೊಂಡು ಬರುತ್ತಾ?

ಅಣ್ಣನಿಗೆ ಬುತ್ತಿ ತಂದಿದ್ದ ಕೆಂಚವ್ವ ಬುತ್ತಿ ಅಲ್ಲೇ ಇಟ್ಟು, ಅವರಿಬ್ಬರನ್ನೂ ಹತ್ತಿಸ್ಕೊಂಡು ಹರಿಗೋಲು ಬಿಚ್ಚೇಬಿಟ್ಟಳಂತೆ! ನಡು ಹೊಳೇಲಿ ಬಂಡೆಗೆ ಬಡಿದು ಹುಟ್ಟು ಮುರೀತು. ಹರಿಗೋಲು ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಗಿರ್ರನೆ ತಿರುಗಿತು. ಬಿಡಬೇಡ ಅಕ್ಕಾ ಅಂತ ಸಣ್ಣಮ್ಮ ಚೀರಿದಳು. ಕೆಂಚವ್ವ ಕಚ್ಚೆ ಬಿಗಿದು, ಹರಿಗೋಲಿನ ಹಗ್ಗ ಹಲ್ಲಲ್ಲಿ ಕಚ್ಚಿ, ನೀರಿಗೆ ದುಮುಕಿದಳಂತೆ. ಈಜಿ ಈಜಿ, ಬಾಯಲ್ಲಿ ರಕ್ತ ಬಂದ್ರೂ ಹಗ್ಗ ಬಿಡದೆ, ಎಳೆದು ತಂದು ಆಚೆ ದಡಕ್ಕೆ ಹಚ್ಚೇಬಿಟ್ಟಳಂತೆ!

ಆ ರಾತ್ರಿ ಸೂಲಗಿತ್ತಿ ಮನೇಲಿ ಹೆರಿಗೆ ಸುಸೂತ್ರ ಆಯ್ತು. ಬೆಳಿಗ್ಗೆ ತಾಯಿ, ಮಗು, ಅತ್ತೆ ಮೂವರನ್ನೂ ಕೂರಿಸ್ಕೊಂಡು, ಬಿದಿರುಗಳದಲ್ಲಿ ನೂಕ್ತಾ ಅವಳು ವಾಪಸ್ ಬರೋವಾಗ ಊರಿಗೆ ಊರೇ ದಂಡೇಲಿ ನಿಂತು ಕೇಕೆ ಹಾಕ್ತಂತೆ. ಮಲ್ಲಪ್ಪ ತಲೆ ತಗ್ಗಿಸಿ, ಹೆದರಿಕೆ ಆಗಲಿಲ್ವೇನೇ ಅಂತ ಕೇಳಿದ. ಆಯ್ತಣ್ಣಾ, ನಡುಗಿಹೋದೆ, ಆದ್ರೆ ಅವಳು ಅಕ್ಕಾ ಅಂದಳಲ್ಲ ಅಂದಳಂತೆ ಕೆಂಚವ್ವ.

ಆಮೇಲೆ ತಿಪ್ಪಣ್ಣ ಕೋಲೂರಿಕೊಂಡು ಕುಂಟ್ತಾ ಬಂದು, ತನ್ನ ಅಪ್ಪನ ಕಾಲದ ಹುಟ್ಟನ್ನ ಎಲ್ಲರೆದುರಿಗೆ ಮಗಳ ಕೈಗೆ ಕೊಟ್ಟ. ಇನ್ಮೇಲೆ ಹೊಳೆ ನಿಂದು ಕಣಮ್ಮಾ ಅಂದನಂತೆ. ಅವತ್ತಿಂದ ಹೊಳೆ ದಾಟೋ ಆ ಜಾಗಕ್ಕೆ ಕೆಂಚವ್ವನ ಕಡವು ಅಂತ್ಲೇ ಹೆಸರು ಬಿತ್ತಂತೆ. ಅವಳು ನಗ್ತಾ ನಗ್ತಾ ಮುದುಕಿ ಆಗೋ ತನಕ ಜನಾನ ದಾಟಿಸಿದಳಂತೆ.

ಹೂಂ, ಕತೆ ಮುಗೀತು ಬಂಗಾರಾ, ಇನ್ನು ಮಗ್ಗುಲು ತಿರುಗಿ ಮಲಕ್ಕೋ.