ಕೆಂಪು ಬಟ್ಟೆ ಕಟ್ಟಿದ ಬಳ್ಳಿ

“ಗುರುಗಳೇ, ನನಗೆ ಕಾಲ ಕೂಡಿಬರುವುದು ಯಾವಾಗ?”

ಕಲ್ಮೇಶ ಈ ಪ್ರಶ್ನೆ ಕೇಳುತ್ತಿರುವುದು ಇದು ಮೂರನೆಯ ವರ್ಷ. ಅಡಿವೆಯ್ಯನವರ ಬಳಿ ಪುರಾಣ ಹೇಳುವುದನ್ನು ಕಲಿಯಲು ಬಂದು ಹನ್ನೊಂದು ವರ್ಷವಾಗಿತ್ತು. ಆ ಮುಂಜಾನೆ ನೆರೆಯೂರಿನ ಹಿರಿಯರಿಬ್ಬರು ಬಂದು ಮಠದ ಪಡಸಾಲೆಯಲ್ಲಿ ಕುಳಿತಿದ್ದರು. ಕಲ್ಮೇಶ ಸಂತೆಯಲ್ಲಿ ನಾಲ್ಕು ಜನರಿಗೆ ಎಲ್ಲೂ ತೊಡರದೆ ಕತೆ ಹೇಳುವುದನ್ನು ಕೇಳಿ ಮರುಳಾದವರು ಅವರು. ಶ್ರಾವಣದ ತಿಂಗಳಿಡೀ ತಮ್ಮೂರಿನಲ್ಲಿ ಅವನೇ ಪುರಾಣ ಹೇಳಬೇಕು ಎಂಬುದು ಅವರ ಹಟ. ಹಿಂದಿನ ಎರಡು ವರ್ಷವೂ ಬಂದಿದ್ದರು. ಎರಡು ಸಲವೂ ಅವನು, ಇನ್ನೂ ಕಾಲ ಬಂದಿಲ್ಲ ಎಂದು ಕೈಮುಗಿದು ಕಳಿಸಿದ್ದ. ಈ ಸಲ ಇಲ್ಲವೆಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ, ಮತ್ತೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಮೊದಲೇ ಹೇಳಿ ಕುಳಿತಿದ್ದರು.

ಕಲ್ಮೇಶ ಗುರುಗಳನ್ನು ಹುಡುಕಿಕೊಂಡು ಮಠದ ಎದುರಿನ ಚಹಾದ ಅಂಗಡಿಗೆ ಓಡಿಬಂದಿದ್ದ.

“ಈಗೇನಾಗಿದೆ ನಿನ್ನ ಕಾಲಕ್ಕೆ?” ಎಂದರು ಅಡಿವೆಯ್ಯನವರು.

“ನಿಮ್ಮೆದುರು ನಿಂತು ಹೇಳಿ ನೋಡುತ್ತೇನೆ. ಪ್ರತಿ ಸಲವೂ ನಾಲಿಗೆ ತೊಡರುತ್ತದೆ. ನಿನ್ನೆಯೂ ತೊಡರಿತು. ನನ್ನ ಗ್ರಹಗತಿಯೇ ನೆಟ್ಟಗಿಲ್ಲ.”

“ಕಾಲ, ಗ್ರಹ, ಆಕಾಶ ಇವುಗಳ ವಿಷಯ ನನ್ನನ್ನು ಕೇಳು. ಪ್ರಾಯದಲ್ಲಿ ನಾನು ಕೈಯೆತ್ತಿದರೆ ಮೋಡ ನಿಲ್ಲುತ್ತಿತ್ತು. ಮೂರು ತಾಲೂಕಿನ ಮಳೆ ನನ್ನ ಅಪ್ಪಣೆ ಪಡೆದು ಬೀಳುತ್ತಿತ್ತು.”

ಪಕ್ಕದ ಬೆಂಚಿನವರು ತಿರುಗಿ ನೋಡಿದರು.

“ಸುಳ್ಳು,” ಎಂದರು ಗುರುಗಳು, ಅವರ ಕಡೆ ನೋಡದೆಯೇ. “ನಾನು ಕೊಡೆ ಮರೆತ ದಿನ ಮಾತ್ರ ತಪ್ಪದೆ ಬೀಳುತ್ತಿತ್ತು. ಆದರೆ ಈಗ ಹೇಳುವ ಕತೆ ನಿಜ. ಮುಕ್ಕಾಲು ಪಾಲು ನಿಜ.”

ಕಲ್ಮೇಶನಿಗೆ ತಲೆ ಚಿಟ್ಟುಹಿಡಿಯಿತು. ಹೋಗು ಎಂದರೆ ಒಂದು ಮಾತು, ಬೇಡ ಎಂದರೆ ಒಂದು ಮಾತು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಇವರದೊಂದು ಕತೆ. ಪಡಸಾಲೆಯಲ್ಲಿ ಆ ಇಬ್ಬರು ಕಾಯುತ್ತಿದ್ದಾರೆ. ಆದರೂ ಹನ್ನೊಂದು ವರ್ಷದಲ್ಲಿ ಅವನು ಕಲಿತ ಒಂದು ಸಂಗತಿ ಎಂದರೆ, ಗುರುಗಳ ಕತೆ ಒಮ್ಮೆ ಹೊರಟರೆ ಅದಕ್ಕೆ ಲಗಾಮಿಲ್ಲ. ಅವನು ಕುಳಿತ.

ಒಬ್ಬ ರೈತನಿದ್ದ, ಎಂದು ಗುರುಗಳು ಆರಂಭಿಸಿದರು. ಅವನಿಗೆ ನಾಲ್ಕು ಎಕರೆ ದ್ರಾಕ್ಷಿ ತೋಟ. ತಿನ್ನುವ ದ್ರಾಕ್ಷಿಯಲ್ಲ, ವೈನಿಗೆ ಹಾಕುವ ದ್ರಾಕ್ಷಿ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬಾಯಿಗೆ ಹಾಕಿದರೆ ಬೀಜವೇ ಹೆಚ್ಚು. ಪೇಟೆಯಲ್ಲಿ ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ಹರದಾರಿ ದೂರದಲ್ಲಿದ್ದ ವೈನರಿಯೊಂದೇ ಅವನ ಗಿರಾಕಿ.

“ಗುರುಗಳೇ, ವೈನೇ?” ಎಂದ ಕಲ್ಮೇಶ, ದನಿ ತಗ್ಗಿಸಿ.

“ನೀನು ಕುಡಿಯಬೇಡ. ಕೇಳು, ಅಷ್ಟೇ.”

ವೈನರಿಯದು ಒಂದೇ ನಿಯಮ. ಹಣ್ಣಿನ ಸಿಹಿ ಇಪ್ಪತ್ತನಾಲ್ಕು ಇರಬೇಕು. ಸಿಹಿ ಅಳೆಯಲು ಒಂದು ಗೇಣುದ್ದದ ನಳಿಗೆ. ಅದರ ತುದಿಯ ಗಾಜಿನ ಮೇಲೆ ಒಂದು ಹನಿ ರಸ ಹಿಂಡಿ ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗೆ ಅಂಕಿ ಕಾಣುತ್ತದೆ. ಇಪ್ಪತ್ತನಾಲ್ಕಕ್ಕೆ ಕಡಿಮೆಯಾದರೆ ವೈನು ನೀರು ನೀರು. ಬಹಳ ಹೆಚ್ಚಾದರೆ ಹುಳಿ ಸತ್ತುಹೋಗಿ ವೈನು ಸಪ್ಪೆ, ಪೀಪಾಯಿಯಲ್ಲಿ ನಿಲ್ಲುವುದಿಲ್ಲ. ಬಿಸಿಲು ಸಿಹಿಯನ್ನು ಏರಿಸುತ್ತದೆ. ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ಮಳೆ ಬಿದ್ದರೆ ಬೇರು ನೀರು ಹೀರಿ, ಹಣ್ಣು ಉಬ್ಬಿ, ಸಿಹಿ ಇಳಿಯುತ್ತದೆ. ಅಂದರೆ ಮೇಲಿನವನು ಬಿಸಿಲು, ತಂಪು, ಮೋಡ ಮೂರನ್ನೂ ತೂಗಿ ತೂಗಿ ಕೊಡಬೇಕು. ಕೆಳಗಿನವನು ಸರಿಯಾದ ದಿನ ನೋಡಿ ಕತ್ತರಿ ಹಾಕಬೇಕು. ಅಷ್ಟೇ ಕೆಲಸ. ಆ ಅಷ್ಟರಲ್ಲೇ ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ.

ಮಾಘದ ಕೊನೆಗೆ ವೈನರಿಯ ಸಾಹೇಬ ಜೀಪಿನಲ್ಲಿ ಬಂದ. ರಸ್ತೆಯ ಬದಿಯಲ್ಲಿ ಒಂದು ಹುಣಸೆಮರ. ಸಾಹೇಬನಿಗೆ ಬಿಸಿಲು ಆಗುತ್ತಿರಲಿಲ್ಲ. ಜೀಪನ್ನು ಹುಣಸೆಯ ಕೆಳಗೆ ನಿಲ್ಲಿಸಿ, ಕೈ ಚಾಚಿ ಹತ್ತಿರದ ಬಳ್ಳಿಯಿಂದ ಒಂದು ಹಣ್ಣು ಕಿತ್ತು, ನಳಿಗೆಯಲ್ಲಿ ನೋಡಿ, “ಇಪ್ಪತ್ತೊಂದು. ಇನ್ನೊಂದೆರಡು ದಿನ ನೋಡು,” ಎಂದು ಹೇಳಿ ಹೋದ.

ರೈತ ಬಹಳ ಎಚ್ಚರಿಕೆಯವನು. ಸಾಹೇಬ ಮುಟ್ಟಿದ ಬಳ್ಳಿ ತಪ್ಪಿಹೋಗಬಾರದೆಂದು ಅದಕ್ಕೆ ಕೆಂಪು ಬಟ್ಟೆಯ ತುಂಡು ಕಟ್ಟಿದ. ಪೇಟೆಗೆ ಹೋಗಿ ಸಾಹೇಬನ ಬಳಿ ಇದ್ದಂಥದೇ ನಳಿಗೆ ತಂದ. ತನ್ನ ಅಂಕಿಯೂ ಸಾಹೇಬನ ಅಂಕಿಯೂ ಹೊಂದಬೇಕಲ್ಲ? ದಿನಾ ಮಧ್ಯಾಹ್ನ ಅದೇ ಬಳ್ಳಿ, ಅದೇ ಗೊಂಚಲು, ಒಂದು ಹಣ್ಣು.

ನಾಲ್ಕು ದಿನ ಮೋಡ ಕವಿಯಿತು. ಸಿಹಿ ಇಪ್ಪತ್ತೊಂದರಲ್ಲೇ ಕುಳಿತಿತು. ರೈತ ಮೋಡಕ್ಕೆ ಬೈದ. ಮೋಡ ಸರಿಯಿತು. ಇಪ್ಪತ್ತೆರಡು ಬಂತು. ರೈತ ಮನೆಯಲ್ಲಿ ಹೋಳಿಗೆ ಮಾಡಿಸಿದ. ಮರುದಿನ ಸಂಜೆ ಮಳೆ, ಒಂದು ಚಹಾ ಕುಡಿಯುವಷ್ಟು ಹೊತ್ತು. ಇಪ್ಪತ್ತಕ್ಕೆ ಇಳಿಯಿತು. ರೈತ ಕಾಲಿನ ಚಪ್ಪಲಿ ತೆಗೆದು ಆಕಾಶಕ್ಕೆ ಬೀಸಿದ. ಅದು ಮೋಡಕ್ಕೆ ತಗುಲಲಿಲ್ಲ, ಪಕ್ಕದವನ ಎಮ್ಮೆಗೆ ತಗುಲಿತು. ಆ ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ. ಪಕ್ಕದವನು ಬೇಲಿಯ ಮೇಲೆ ನಿಂತು ಏನೇನು ಅಂದನೋ ಅದನ್ನು ನಾನು ಇಲ್ಲಿ ಹೇಳುವಂತಿಲ್ಲ.

ಆಮೇಲೆ ಬಿಸಿಲು ಬಂತು. ಎಂಥ ಬಿಸಿಲು! ಊರ ನಾಯಿಗಳ ನಾಲಿಗೆ ನೆಲ ಮುಟ್ಟಿತು. ರೈತ ಕೈಮುಗಿದ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಅಲ್ಲಿಗೆ ನಿಂತಿತು. ಸುತ್ತಲೂ ಬೆಂಕಿ ಸುರಿದಂಥ ಬಿಸಿಲು, ಅಂಕಿ ಮಾತ್ರ ಕಲ್ಲು. ರೈತ ಸೂರ್ಯನ ಕಡೆ ನಳಿಗೆ ತೋರಿಸಿ, “ಒಂದಽ ಒಂದು ಮೆಟ್ಟಲಾ ಉಳದೈತಿ, ಹತ್ತಾಕ ನಿನಗ ಏನ್ ಧಾಡಿ?” ಎಂದು ಜಗಳ ತೆಗೆದ. ಸಾಹೇಬ ಮತ್ತೆರಡು ಸಲ ಬಂದ. ಹುಣಸೆಯ ಕೆಳಗೆ ನಿಂತ, ಕೈ ಚಾಚಿದ, ಇಪ್ಪತ್ತಮೂರು ಎಂದ, ಹೋದ.

ಸುತ್ತಲಿನ ತೋಟಗಳಲ್ಲಿ ಕೊಯ್ಲು ಮುಗಿಯಿತು. ಕ್ರೇಟು ತುಂಬಿದ ಗಾಡಿಗಳು ಅವನ ಕಣ್ಣೆದುರೇ ವೈನರಿಗೆ ಹೋದವು. ರೈತನ ಹೆಂಡತಿಗೆ ತಡೆಯಲಾಗಲಿಲ್ಲ.

“ಏನ್ರೀ, ಕಳೆ ತೆಗೆಯೋ ಹೆಣ್ಮಕ್ಕಳು ನಡೂತ್ವಾಟದಾಗಿಂದು ಹಣ್ಣು ತಿಂದ್ರ ತುಟಿ ಅಂಟತಾವ ಅಂತಾರ. ಗೊರವಂಕ ಹಿಂಡುಗಟ್ಟಿ ಬಂದಾವ. ಕತ್ತರಿ ಹಾಕ್ರಿ ಇನ್ನ.”

“ಇಪ್ಪತ್ನಾಕು ಆಗಿಲ್ಲ.”

“ಹಕ್ಕಿಗೆ ನಿಮ್ಮ ನಳಿಗಿ ಬೇಕಾಗಂಗಿಲ್ಲ.”

“ಹಕ್ಕಿ ವೈನ್ ಮಾಡಂಗಿಲ್ಲ.”

“ಮಂದಿಗೆ ಬಂದ ಬಿಸಲು ನಮಗ್ಯಾಕ ಬರವಲ್ದು?”

ಇದಕ್ಕೆ ರೈತ ಬಹಳ ಯೋಚಿಸಿ ಉತ್ತರ ಕೊಟ್ಟ. “ನಮ್ಮ ತ್ವಾಟದ ಮ್ಯಾಲಿನ ಬಿಸಲಿಗೇ ಏನೋ ದೋಷ ಐತಿ.”

ಹೆಂಡತಿ ಹಣೆ ಹಣೆ ಬಡಿದುಕೊಂಡು ಒಳಗೆ ಹೋದಳು. ರೈತ ಜೋಯಿಸನ ಬಳಿಗೆ ಹೋದ. ಜೋಯಿಸ ಪಂಚಾಂಗ ತೆಗೆದು, ಹೌದು, ದೋಷವಿದೆ ಎಂದ. ಕೇಳಿದವರಿಗೆ ಇಲ್ಲವೆಂದ ಜೋಯಿಸ ಇನ್ನೂ ಹುಟ್ಟಿಲ್ಲ. ಶಾಂತಿ ಮಾಡಿಸಿದ್ದಾಯಿತು. ಆರು ಎಕರೆಯ ಸುತ್ತ ತೆಂಗಿನಕಾಯಿ ಒಡೆದದ್ದಾಯಿತು.

“ಈಗಷ್ಟೇ ನಾಲ್ಕು ಎಕರೆ ಎಂದಿರಿ,” ಎಂದ ಕಲ್ಮೇಶ. ಅವನು ಎರಡು ಸಲ ಮಠದ ಬಾಗಿಲ ಕಡೆ ನೋಡಿದ್ದ. ಹಿರಿಯರಲ್ಲೊಬ್ಬರು ಎದ್ದು ತಲೆಗೆ ಪಟಗ ಸುತ್ತಿಕೊಳ್ಳುತ್ತಿದ್ದರು.

“ಕಾಯುವವನಿಗೆ ಎಕರೆ ಹೆಚ್ಚಾಗುತ್ತದೆ. ಸುಮ್ಮನೆ ಕೇಳು.”

ಶಾಂತಿಯಾದ ಐದನೆಯ ದಿನ ರಸ್ತೆಯವರು ಬಂದು ಹುಣಸೆಮರದ ಮುಂದೆ ಆಳೆತ್ತರ ಅಗೆದರು. ಮೋರಿ ಕಟ್ಟುವುದಕ್ಕೆ. ಸಾಹೇಬನ ಜೀಪು ಆ ಕಡೆ ಬರುವಂತಿರಲಿಲ್ಲ. ಅವನು ಗೊಣಗುತ್ತಾ ಕಾಲುವೆಯ ಏರಿಯ ಮೇಲೆ ಸುತ್ತಿ ತೋಟದ ಹಿಂದಿನಿಂದ ಬಂದ. ಅಲ್ಲಿ ಒಂದು ಹುಲ್ಲುಕಡ್ಡಿಯ ನೆರಳೂ ಇರಲಿಲ್ಲ. ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ಕೈಗೆ ಸಿಕ್ಕ ಹಣ್ಣು ಕಿತ್ತ. ಹಿಂಡಿದ. ನಳಿಗೆಗೆ ಕಣ್ಣಿಟ್ಟ. ಗಾಜು ಒರೆಸಿ ಮತ್ತೆ ಹಿಂಡಿದ. ಬೇರೆ ಸಾಲಿಗೆ ಹೋದ, ಮತ್ತೊಂದು ಸಾಲಿಗೆ ಹೋದ.

ಇಪ್ಪತ್ತೊಂಬತ್ತು. ಮೂವತ್ತು. ಇಪ್ಪತ್ತೊಂಬತ್ತು.

ಹಣ್ಣಿನ ತೊಗಲು ಮುದುಕರ ಕೆನ್ನೆಯಂತೆ ಸುಕ್ಕುಗಟ್ಟಿತ್ತು. ನಾಲಿಗೆಗೆ ಬರೀ ಬೆಲ್ಲ, ಹುಳಿಯ ಹೆಸರಿಲ್ಲ. ಇಡೀ ತೋಟ ಇಪ್ಪತ್ತನಾಲ್ಕನ್ನು ದಾಟಿ ಎಷ್ಟೋ ದಿನಗಳಾಗಿದ್ದವು. ಆ ಕೆಂಪು ಬಟ್ಟೆಯ ಬಳ್ಳಿ, ಅದರ ಎಡಬಲದ ಎರಡು ಬಳ್ಳಿ, ಈ ಮೂರರ ಮೇಲೆ ಮಾತ್ರ ಮಧ್ಯಾಹ್ನ ತಿರುಗಿದೊಡನೆ ಹುಣಸೆಯ ನೆರಳು ಬೀಳುತ್ತಿತ್ತು. ಇಡೀ ತೋಟಕ್ಕೆ ಬಿಸಿಲು ಬಂದಿತ್ತು. ರೈತ ನೋಡುತ್ತಿದ್ದದ್ದು ಬಿಸಿಲು ಬಾರದ ಮೂರು ಬಳ್ಳಿಯನ್ನು.

ರೈತ ನೆಲಕ್ಕೆ ಕುಸಿದ. ಆಮೇಲೆ ಎದ್ದು ಸಾಹೇಬನ ಮೇಲೆ ಹರಿಹಾಯ್ದ.

“ನೀವಽ ಅಲ್ಲೇನ್ರಿ ಆ ಬಳ್ಳಿ ತೋರಿಸಿದವ್ರು?”

“ನಾ ಜೀಪು ನಿಲ್ಲಿಸಿದಲ್ಲಿ ಕೈಗೆ ಸಿಕ್ಕಿದ್ದು ನೋಡಿದೆ,” ಎಂದ ಸಾಹೇಬ. “ಒಳಗ ಅಡ್ಡಾಡಬ್ಯಾಡ ಅಂತ ನಿನಗ ಯಾರು ಹೇಳಿದ್ರು? ತ್ವಾಟ ಯಾರದು?”

ಹೆಂಡತಿ ಬೇಲಿಯ ಆಚೆ ನಿಂತು ಕೇಳಿಸಿಕೊಂಡಳು. ಅವಳೂ ಅದನ್ನೇ ಕೇಳಬೇಕೆಂದಿದ್ದಳು.

ಸಾಹೇಬ ಹೋಗುವ ಮುಂಚೆ ಪೀಪಾಯಿಗಳ ಸುದ್ದಿ ಹೇಳಿದ. ಆ ವರ್ಷದಂಥ ಹವೆ ಹತ್ತು ವರ್ಷದಲ್ಲಿ ಬಂದಿರಲಿಲ್ಲವಂತೆ. ಬೇಕಾದಷ್ಟು ಬಿಸಿಲು, ಬೇಕಾದಷ್ಟು ತಂಪು, ನಡುವೆ ಹಣ್ಣಿನ ಧೂಳು ತೊಳೆಯುವಷ್ಟೇ ಮಳೆ. ಆ ಸೀಮೆಯ ಎಲ್ಲ ತೋಟದ ವೈನೂ ಬಂಗಾರವಾಗಿತ್ತಂತೆ. ಇದನ್ನು ಕೇಳಿ ರೈತ ಇನ್ನೊಂದು ಚಪ್ಪಲಿಗೂ ಕೈಹಾಕಿದ. ಯಾರಿಗೆ ಎಸೆಯಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಕೊನೆಗೆ ಸಾಹೇಬ ಕೆಂಪು ಬಟ್ಟೆಯ ಬಳ್ಳಿಗೂ ಒಮ್ಮೆ ನಳಿಗೆ ಹಿಡಿದ. ಅಂದೇ ಅದಕ್ಕೆ ಸರಿಯಾಗಿ ಇಪ್ಪತ್ತನಾಲ್ಕು ಬಂದಿತ್ತು. ಆ ವರ್ಷ ವೈನರಿಗೆ ಹೋದದ್ದು ಆ ಮೂರು ಬಳ್ಳಿಯ ಹಣ್ಣು. ಎರಡು ಕ್ರೇಟು. ಉಳಿದ ತೋಟವನ್ನು ಗೊರವಂಕಗಳು ಕೊಯ್ದವು.

ಗುರುಗಳು ಮಾತು ನಿಲ್ಲಿಸಿ ಲೋಟದ ತಳದ ಗುಟುಕನ್ನು ಬಾಯಿಗೆ ಸುರಿದುಕೊಂಡರು.

ಕಲ್ಮೇಶನಿಗೆ ಆ ರೈತನ ಮೇಲೆ ಸಿಟ್ಟು ಉಕ್ಕಿಬಂತು. “ಎಂಥ ಮನುಷ್ಯನಪ್ಪಾ! ಹೆಂಡತಿ ಹೇಳಿದಳು, ಕಳೆ ತೆಗೆಯುವವರು ಹೇಳಿದರು, ಹಕ್ಕಿ ಬಂದು ಕುಕ್ಕಿ ತೋರಿಸಿತು. ನಾಲ್ಕು ಹೆಜ್ಜೆ ಒಳಗೆ ನಡೆದಿದ್ದರೆ ಆಗುತ್ತಿತ್ತು. ಒಂದೇ ಕಡೆ ನಿಂತು ಆಕಾಶಕ್ಕೆ ಬೈದನಲ್ಲ!”

“ಬೈದ,” ಎಂದರು ಗುರುಗಳು.

“ಅದಿರಲಿ. ಅವರು ಹೊರಟುಬಿಡುತ್ತಾರೆ. ನನ್ನ ಪ್ರಶ್ನೆಗೆ ಒಂದು ಉತ್ತರ ಕೊಡಿ. ನನಗೇನು ತೋಟವೇ, ದ್ರಾಕ್ಷಿಯೇ? ನನ್ನ ಪಾಲಿಗೆ ಎಲ್ಲಿಯ ಹುಣಸೆಮರ?”

ಗುರುಗಳು ಎದ್ದು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಎರಡು ಲೋಟ ಚಹಾ ಕುಡಿದು ನಿನ್ನೆದುರಿಗೇ ನಿಂತಿದೆಯಲ್ಲೋ, ಅದರ ದುಡ್ಡು ಕೊಟ್ಟು ಹೊರಡು.”